ಆಸ್ಪತ್ರೆಗೆ ಓಡಾಡಿದ ದುಡ್ಡು ಯಾರು ಕೊಡಬೇಕು?

ಗೋವಾದ ಝುವಾರಿನಗರದಿಂದ ಒಬ್ಬ ತಂಗಿ ಬರೆದಿದ್ದಾರೆ. ಪತ್ರ ಉದ್ದವಿದೆ, ಮುಖ್ಯವಾದದ್ದಷ್ಟನ್ನು ಇಲ್ಲಿ ಕೊಡುತ್ತೇನೆ.

“ಅಕ್ಕಾ, ನಮ್ಮದು ಬಾದಾಮಿ ಕಡೆ ಹಳ್ಳಿ. ಎಂಟು ವರ್ಷದಿಂದ ಇಲ್ಲೇ ಇದ್ದೇವೆ. ನಮ್ಮ ಮನೆಯವರಿಗೆ 30 ವರ್ಷ. ವೆರ್ಣಾದ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟರ್ ಕೈಕೆಳಗೆ ಪ್ರೆಸ್ ಮಷಿನ್ ನಡೆಸುತ್ತಿದ್ದರು. 2025ರ ಜೂನ್‌ನಲ್ಲಿ ಬಲಗೈ ಮಷಿನ್‌ಗೆ ಸಿಕ್ಕಿ ಎರಡು ಬೆರಳು ಹೋದವು. ಬಾಂಬೋಳಿಯ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಔಷಧದ ಬಿಲ್ಲು ಕಾಂಟ್ರಾಕ್ಟರ್ ಕೊಟ್ಟ. ಆದರೆ ಡ್ರೆಸ್ಸಿಂಗ್‌ಗೆ, ಫಿಸಿಯೋಥೆರಪಿಗೆ ಹೋಗಿ ಬಂದ ಖರ್ಚು ನಮ್ಮ ಕೈಯಿಂದಲೇ ಹೋಗಿದೆ. 9 ಸಲ ಟ್ಯಾಕ್ಸಿ, ಸಲಕ್ಕೆ 1,200. ಆಮೇಲೆ 14 ಸಲ ಬಸ್ಸು, ಇಬ್ಬರಿಗೆ ಹೋಗಿ ಬರಲು 160. ನಡುವೆ ಊರಿಗೆ ಹೋಗಿ ಬಂದದ್ದು 2,600. ಒಟ್ಟು 15,640 ರೂಪಾಯಿ. ಕೇಳಿದರೆ, ಗಾಡಿ ಬಾಡಿಗೆ ಕಾನೂನಿನಲ್ಲಿ ಇಲ್ಲ ಅಂತಾನೆ. ಸಂಬಳ 21 ಸಾವಿರಕ್ಕಿಂತ ಜಾಸ್ತಿ ಇದ್ದುದರಿಂದ ಇಎಸ್‌ಐ ಕೂಡ ಇಲ್ಲ ಅಂತಾನೆ. 25 ಸಾವಿರ ಕೊಡ್ತೀನಿ, ಸ್ಟ್ಯಾಂಪ್ ಪೇಪರ್ ಮೇಲೆ ಸಹಿ ಮಾಡಿ ಮುಗಿಸಿಬಿಡಿ ಅಂತಾನೆ. ಓಟಿ ಸೇರಿ ಕೈಗೆ 23-24 ಸಾವಿರ ಬರುತ್ತಿತ್ತು. ಟ್ಯಾಕ್ಸಿಯವರು ಯಾರೂ ರಸೀದಿ ಕೊಟ್ಟಿಲ್ಲ. ಜೊತೆಗೆ ಹೋಗಿ ಹೋಗಿ ನನ್ನ ಮನೆಕೆಲಸವೂ ಹೋಯಿತು. ಏನು ಮಾಡಲಿ?”

ತಂಗಿ, ಮೊದಲು ಒಂದು ಮಾತು. ಆ ಸ್ಟ್ಯಾಂಪ್ ಪೇಪರ್ ಮೇಲೆ ಸಹಿ ಮಾಡಬೇಡಿ. ಹೆಬ್ಬೆಟ್ಟೂ ಒತ್ತಬೇಡಿ. ಯಾಕೆ ಅಂತ ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ. ಇವತ್ತು ಅವನ ಫೋನ್ ಬಂದರೆ “ಕಾಗದ ನೋಡಿ ಹೇಳ್ತೀವಿ” ಅಂದುಬಿಡಿ, ಸಾಕು.

ಎರಡನೆಯದು, ನೀವು ಕೇಳಿದ್ದು ಸಣ್ಣ ವಿಷಯ ಅಲ್ಲ. ವಾಸ್ಕೋದಲ್ಲಿ ಕೂತು ಇಷ್ಟು ವರ್ಷ ಕಾರ್ಮಿಕರ ಕೇಸು ನೋಡಿದ್ದೇನೆ. ಕೈ ಹೋದವರು, ಕಾಲು ಮುರಿದವರು ಆಸ್ಪತ್ರೆ ಬಿಲ್ಲಿಗಿಂತ ಓಡಾಟದಲ್ಲೇ ಸೋತುಹೋಗುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಹೇಗೋ ಆಗುತ್ತದೆ, ಆದರೆ ವಾರಕ್ಕೆ ಎರಡು ಸಲ ಡ್ರೆಸ್ಸಿಂಗ್‌ಗೆ ಹೋಗಲು ದುಡ್ಡಿಲ್ಲದೆ ಮೂರನೇ ವಾರಕ್ಕೆ ಬಿಟ್ಟುಬಿಡುತ್ತಾರೆ, ಗಾಯ ಕೀವಾಗುತ್ತದೆ, ಉಳಿಯಬೇಕಾಗಿದ್ದ ಬೆರಳೂ ಹೋಗುತ್ತದೆ. ನೀವು 23 ಸಲವೂ ಬಿಡದೆ ಕರೆದುಕೊಂಡು ಹೋಗಿದ್ದೀರಿ. ಅದಕ್ಕೆ ಆದ ಖರ್ಚನ್ನು ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಈಗ ಕಾಂಟ್ರಾಕ್ಟರ್ ಹೇಳಿದ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯ ಮಾತು. ಇದನ್ನು ಬಿಡಿಸಿಕೊಳ್ಳದೆ ಮುಂದೆ ಹೋಗಲು ಆಗುವುದಿಲ್ಲ. ಯಾಕೆಂದರೆ ದುಡ್ಡು ಯಾರ ಹತ್ತಿರ ಕೇಳಬೇಕು ಅನ್ನುವುದೇ ಇದರ ಮೇಲೆ ನಿಂತಿದೆ.

ಇಎಸ್‌ಐಗೆ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ, ನಿಜ. 2017ರ ಜನವರಿಯಿಂದ ಈ ಮಿತಿ ಇದೆ. ಆದರೆ ಆ 21,000 ಲೆಕ್ಕ ಹಾಕುವಾಗ ಓಟಿ ಹಣ, ಅಂದರೆ ಹೆಚ್ಚು ಹೊತ್ತು ದುಡಿದದ್ದಕ್ಕೆ ಕೊಟ್ಟ ಹಣ, ಸೇರಿಸುವ ಹಾಗಿಲ್ಲ. 1948ರ ಇಎಸ್‌ಐ ಕಾಯ್ದೆಯಲ್ಲೇ ಹೀಗೆ ಬರೆದಿದೆ. ನಿಮಗೆ 23-24 ಸಾವಿರ ಬರುತ್ತಿದ್ದದ್ದು ಓಟಿ ಸೇರಿ ಅಲ್ವಾ? ಹಾಗಾದರೆ ಓಟಿ ತೆಗೆದರೆ ಎಷ್ಟು ಉಳಿಯುತ್ತದೆ? ಪೇ ಸ್ಲಿಪ್ ಇದ್ದರೆ ತೆಗೆದು ನೋಡಿ. ಇಲ್ಲದಿದ್ದರೆ ಓಟಿ ಇಲ್ಲದ ತಿಂಗಳು ಬ್ಯಾಂಕಿಗೆ ಎಷ್ಟು ಬಿದ್ದಿದೆ ಅಂತ ಪಾಸ್‌ಬುಕ್ ನೋಡಿ. 19-20 ಸಾವಿರದ ಆಸುಪಾಸು ಇದ್ದರೆ, ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಫ್ಯಾಕ್ಟರಿಯಲ್ಲಿ ಅವರಿಗೆ ಇಎಸ್‌ಐ ಆಗಲೇಬೇಕಿತ್ತು. ಕಾಂಟ್ರಾಕ್ಟರ್ ಮಾಡಿಸದೆ ಬಿಟ್ಟಿದ್ದರೆ ಅದು ಅವನ ತಪ್ಪು, ಅದಕ್ಕೆ ನಿಮ್ಮ ಮನೆಯವರ ಹಕ್ಕು ಹೋಗುವುದಿಲ್ಲ. ಕಾಂಟ್ರಾಕ್ಟ್ ಕೆಲಸಗಾರರ ವಂತಿಗೆಯನ್ನು ಕಟ್ಟುವ ಮೊದಲ ಜವಾಬ್ದಾರಿ ಫ್ಯಾಕ್ಟರಿ ಮಾಲೀಕರದ್ದು. ಅವರು ಕಟ್ಟದೆ ಇದ್ದರೂ ಇಎಸ್‌ಐ ನಿಗಮ (ಇಎಸ್‌ಐಸಿ) ಕಾರ್ಮಿಕನಿಗೆ ಸೌಲಭ್ಯ ಕೊಟ್ಟು, ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಬಹುದು.

ಸಂಬಳದಲ್ಲಿ ಇಎಸ್‌ಐಗೆ ಅಂತ ಶೇಕಡಾ 0.75 ಕಡಿತ ಆಗುತ್ತಿತ್ತಾ, ಅದನ್ನೂ ನೋಡಿ. ಕೆಲವರು ಕಡಿತ ಮಾಡಿಯೂ ಕಟ್ಟಿರುವುದಿಲ್ಲ. ಇನ್ನೊಂದನ್ನೂ ನಾನು ಕಣ್ಣಾರೆ ಕಂಡಿದ್ದೇನೆ: ಅಪಘಾತ ಆದ ಮೇಲೆ ಓಡಿಹೋಗಿ ಹೆಸರು ನೋಂದಾಯಿಸಿ, ಕೆಲಸಕ್ಕೆ ಸೇರಿದ ತಾರೀಕನ್ನು ಹಿಂದಿನ ದಿನದ್ದು ಅಂತ ಹಾಕುವುದು. ಆದ್ದರಿಂದ ಅವರು ಸೇರಿದ ದಿನಕ್ಕೆ ಸಾಕ್ಷಿ ಕೂಡಿಸಿಡಿ. ಗೇಟ್ ಪಾಸು, ಮೊದಲ ಸಂಬಳ ಬಿದ್ದ ಪಾಸ್‌ಬುಕ್ ಪುಟ, ಫ್ಯಾಕ್ಟರಿ ವಾಟ್ಸಾಪ್ ಗುಂಪಿನಲ್ಲಿ ಶಿಫ್ಟ್ ಹಾಕಿದ ಮೆಸೇಜು, ಎಲ್ಲವೂ ಉಪಯೋಗಕ್ಕೆ ಬರುತ್ತವೆ.

ಇಎಸ್‌ಐ ಆಗುತ್ತದೆ ಅಂತ ಗೊತ್ತಾದರೆ ನಿಮ್ಮ ದಾರಿ ಪಣಜಿಯ ಇಎಸ್‌ಐಸಿ ಪ್ರಾದೇಶಿಕ ಕಚೇರಿ ಮತ್ತು ಮಡಗಾಂವಿನ ಇಎಸ್‌ಐ ಆಸ್ಪತ್ರೆ. ಅಲ್ಲಿ ಕೆಲಸದ ಅಪಘಾತಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕು ಅನ್ನುವ ಷರತ್ತೇ ಇಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನ ಪೆಟ್ಟಾದರೂ ಸಿಗುತ್ತದೆ. ಗುಣವಾಗುವವರೆಗೆ ದಿನದ ಸಂಬಳದ ಶೇಕಡಾ 90 ಕೊಡುತ್ತಾರೆ. ಬೆರಳು ಹೋಗಿದ್ದಕ್ಕೆ ಮೆಡಿಕಲ್ ಬೋರ್ಡ್ ಎಷ್ಟು ಶೇಕಡಾ ಅಂತ ನಿರ್ಧರಿಸಿ, ಅದರ ಪ್ರಕಾರ ಜೀವನಪೂರ್ತಿ ತಿಂಗಳು ತಿಂಗಳು ಹಣ ಬರುತ್ತದೆ. ಓಡಾಟದ ವಿಷಯಕ್ಕೆ ಬಂದರೆ, ಮೆಡಿಕಲ್ ಬೋರ್ಡ್ ಮುಂದೆ ಕರೆದ ದಿನದ ಪ್ರಯಾಣ ಖರ್ಚು ಮತ್ತು ಆ ದಿನದ ಕೂಲಿ ಎರಡನ್ನೂ ಕೇಳಿ ಪಡೆಯಬಹುದು. ಇಎಸ್‌ಐ ವೈದ್ಯರೇ ಬೇರೆ ಆಸ್ಪತ್ರೆಗೆ ರೆಫರ್ ಮಾಡಿ, ಆಂಬುಲೆನ್ಸ್ ಸಿಗದೆ ನೀವೇ ಗಾಡಿ ಮಾಡಿಕೊಂಡು ಹೋಗಿದ್ದರೆ ಅದನ್ನೂ ಕೇಳಬಹುದು. ಅದಕ್ಕೆ ರೆಫರ್ ಮಾಡಿದ ಚೀಟಿ ಬೇಕು. ತುರ್ತಾಗಿ ಹೊರಗೆ ಚಿಕಿತ್ಸೆ ಆಗಿದ್ದರೆ ಆ ಖರ್ಚಿಗೂ ಮರುಪಾವತಿ ಅರ್ಜಿ ಇದೆ. ಸಂಶಯ ಇದ್ದರೆ 1800-11-2526ಕ್ಕೆ ಫೋನ್ ಮಾಡಿ ಕೇಳಿ, ದುಡ್ಡು ಬೀಳುವುದಿಲ್ಲ.

ಆದರೆ ಒಂದು ನೆನಪಿರಲಿ. ಇಎಸ್‌ಐ ಇದ್ದವರು ಅದೇ ಪೆಟ್ಟಿಗೆ ಮಾಲೀಕನಿಂದ ಬೇರೆ ಕಾನೂನಿನಡಿ ಪರಿಹಾರ ಕೇಳಲು ಆಗುವುದಿಲ್ಲ. ಇಎಸ್‌ಐ ಕಾಯ್ದೆಯ 53ನೇ ಸೆಕ್ಷನ್ ಅದನ್ನು ತಡೆಯುತ್ತದೆ. ಆದ್ದರಿಂದ ಯಾವ ದಾರಿ ಅಂತ ಮೊದಲು ಖಾತ್ರಿ ಮಾಡಿಕೊಂಡು ಅರ್ಜಿ ಹಾಕಿ. ಎರಡೂ ಕಡೆ ಓಡಿದರೆ ವರ್ಷಗಳೇ ಹೋಗುತ್ತವೆ.

ಓಟಿ ತೆಗೆದರೂ ಸಂಬಳ 21,000 ದಾಟುತ್ತದೆ ಅನ್ನಿ. ಆಗ ಕಾಂಟ್ರಾಕ್ಟರ್ ಹೇಳಿದ್ದು ಅರ್ಧ ಮಾತ್ರ ನಿಜ. ಇಎಸ್‌ಐ ಇಲ್ಲ, ಸರಿ. ಆದರೆ ಇಎಸ್‌ಐ ಇಲ್ಲದವರಿಗೆ 1923ರ ನೌಕರರ ಪರಿಹಾರ ಕಾಯ್ದೆ ಇದೆ. ಇದರಲ್ಲಿ ಇಷ್ಟು ಸಂಬಳ ಮೀರಿದವರಿಗೆ ಇಲ್ಲ ಅನ್ನುವ ಗೆರೆ ಇಲ್ಲ. (2025ರ ನವೆಂಬರ್ 21ರಿಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಈ ಹಳೆಯ ಕಾಯ್ದೆಗಳು ಅದರೊಳಗೆ ಸೇರಿಕೊಂಡಿವೆ. ನಿಮ್ಮ ಅಪಘಾತ ಜೂನ್‌ನದ್ದು, ಆದ್ದರಿಂದ ಅವತ್ತು ಇದ್ದ ಕಾನೂನಿನ ಪ್ರಕಾರವೇ ನಿಮ್ಮ ಹಕ್ಕು ಹುಟ್ಟಿದೆ.)

1923ರ ಆ ಕಾಯ್ದೆಯ 4ನೇ ಸೆಕ್ಷನ್‌ಗೆ 2009ರಲ್ಲಿ ತಿದ್ದುಪಡಿ ಮಾಡಿ 2ಎ ಅಂತ ಒಂದು ಸಾಲು ಸೇರಿಸಿದರು. 2010ರ ಜನವರಿಯಿಂದ ಅದು ಜಾರಿಗೆ ಬಂತು. ಕೆಲಸದಲ್ಲಿ ಆದ ಗಾಯದ ಚಿಕಿತ್ಸೆಗೆ ನೌಕರ ನಿಜವಾಗಿ ಮಾಡಿದ ವೈದ್ಯಕೀಯ ಖರ್ಚನ್ನು ಅವನಿಗೆ ವಾಪಸ್ ಕೊಡಬೇಕು, ಇದು ಅದರ ಅರ್ಥ. ಇಲ್ಲಿ “ಪ್ರಯಾಣ” ಅನ್ನುವ ಶಬ್ದ ಇಲ್ಲ. ನಿಮ್ಮ ಕಾಂಟ್ರಾಕ್ಟರ್‌ಗೆ ಯಾರೋ ಇದನ್ನು ಹೇಳಿಕೊಟ್ಟಿದ್ದಾರೆ. ನಾನು ನಿಮಗೆ ಸುಳ್ಳು ಧೈರ್ಯ ಕೊಡುವುದಿಲ್ಲ. ಎದುರು ಪಾರ್ಟಿಯ ವಕೀಲರು, ಅದಕ್ಕಿಂತ ಜಾಸ್ತಿ ಇನ್ಶೂರೆನ್ಸ್ ಕಂಪನಿಯವರು, ಈ ಶಬ್ದ ಇಲ್ಲ ಅನ್ನುವುದನ್ನೇ ಹಿಡಿದು ವಾದ ಮಾಡುತ್ತಾರೆ.

ಆದರೆ ಪ್ರಯಾಣ ಬೇಡ ಅಂತಲೂ ಅಲ್ಲಿ ಬರೆದಿಲ್ಲ ಅಲ್ವಾ? ಕೇಳಬೇಕಾದದ್ದು ಒಂದೇ ಪ್ರಶ್ನೆ: ಆ ಓಡಾಟ ಇಲ್ಲದೆ ಚಿಕಿತ್ಸೆ ಆಗುತ್ತಿತ್ತಾ? ಬಾಂಬೋಳಿಯ ಪ್ಲಾಸ್ಟಿಕ್ ಸರ್ಜನ್ ಝುವಾರಿನಗರದ ಚಾಳಿಗೆ ಬಂದು ಡ್ರೆಸ್ಸಿಂಗ್ ಮಾಡುವುದಿಲ್ಲ. ರಸ್ತೆ ಅಪಘಾತದ ಕೇಸುಗಳಲ್ಲಿ ಈ ಪ್ರಶ್ನೆ ಎಂದೋ ತೀರ್ಮಾನವಾಗಿದೆ. 2010ರಲ್ಲಿ ಸುಪ್ರೀಂ ಕೋರ್ಟು ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ, ಗಾಯಾಳುವಿಗೆ ಏನೇನು ಖರ್ಚು ಕೊಡಬೇಕು ಅಂತ ವಿಂಗಡಿಸುವಾಗ ಚಿಕಿತ್ಸೆ, ಆಸ್ಪತ್ರೆ, ಔಷಧದ ಜೊತೆಯಲ್ಲೇ ಸಾಗಾಟ ಮತ್ತು ಪೌಷ್ಟಿಕ ಆಹಾರವನ್ನೂ ಸೇರಿಸಿತು. ಅದು ಮೋಟಾರು ವಾಹನ ಕಾಯ್ದೆಯ ಕೇಸು, ನಿಮ್ಮದಕ್ಕೆ ನೇರವಾಗಿ ಅಂಟುವುದಿಲ್ಲ. ಆದರೂ ಚಿಕಿತ್ಸೆಯ ಖರ್ಚು ಅಂದರೆ ಏನು ಅಂತ ವಾದಿಸುವಾಗ ಅದನ್ನು ಮುಂದಿಡಬಹುದು, ನಾನು ಇಡುತ್ತೇನೆ. ಹಾಗೆಯೇ ಡ್ಯೂಟಿ ಮೇಲೆ ಗಾಡಿ ಓಡಿಸುವಾಗ ಅಥವಾ ಕಂಪನಿ ಬಸ್ಸಿನಲ್ಲಿ ಪೆಟ್ಟಾದವರು ಈ ಉತ್ತರ ಓದುತ್ತಿದ್ದರೆ, ಅವರಿಗೆ ಎರಡು ಕಾನೂನಿನಲ್ಲಿ ಒಂದನ್ನು ಆರಿಸಿಕೊಳ್ಳುವ ಹಕ್ಕಿದೆ. ಎರಡರಲ್ಲೂ ಕೇಳುವ ಹಾಗಿಲ್ಲ. ಆರಿಸುವ ಮೊದಲು ವಕೀಲರನ್ನು ಕೇಳಿ.

ಹಾಗಾಗಿ ಒಂದೊಂದು ಪ್ರಯಾಣಕ್ಕೂ ಒಂದೊಂದು ಆಸ್ಪತ್ರೆ ಕಾಗದ ಜೋಡಿಸಿ. ನನ್ನ ಅನುಭವದಲ್ಲಿ ಈ ಹಣ ಸಿಗುವುದು ಬಿಡುವುದು ಇದರ ಮೇಲೆ ಇದೆ. ಟ್ಯಾಕ್ಸಿ ರಸೀದಿ ಎರಡನೇ ಮಾತು.

ಹೇಗೆ ಅಂತ ಹೇಳುತ್ತೇನೆ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬಾಂಬೋಳಿಯ ಕೇಸ್ ಪೇಪರು, ಡಿಸ್ಚಾರ್ಜ್ ಕಾರ್ಡು, ಫಿಸಿಯೋಥೆರಪಿ ಕಾರ್ಡು ಮುಂದಿಟ್ಟುಕೊಳ್ಳಿ. ಓಪಿಡಿಯಲ್ಲಿ ಮುದ್ರೆ ಬಿದ್ದ ಪ್ರತಿ ತಾರೀಕನ್ನು ಒಂದು ಸಾಲಿನಲ್ಲಿ ಬರೆಯಿರಿ. ಅದರ ಮುಂದೆ ಎಲ್ಲಿಂದ ಎಲ್ಲಿಗೆ, ಯಾಕೆ ಹೋದದ್ದು, ಯಾವ ಗಾಡಿ, ಯಾರು ಜೊತೆಗಿದ್ದರು, ಎಷ್ಟು ಕೊಟ್ಟಿರಿ, ಹೇಗೆ ಕೊಟ್ಟಿರಿ. ನೀವು 23 ಸಲ ಅಂತ ಬರೆದಿದ್ದೀರಿ. ಆಸ್ಪತ್ರೆ ಕಾಗದದಲ್ಲೂ 23 ತಾರೀಕು ಇರಬೇಕು. 21 ಇದ್ದರೆ 21ಕ್ಕೇ ಕೇಳಿ. ಕಳೆದುಹೋದ ಎರಡು ತಾರೀಕಿಗೆ ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ನಕಲು ಕೇಳಿ ನೋಡಿ, ಸಿಗದಿದ್ದರೆ ಬಿಡಿ.

ಬಿಡಿ ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಕೆಲವು ವರ್ಷದ ಹಿಂದೆ ಹಾವೇರಿ ಕಡೆಯ ಒಬ್ಬ ವೆಲ್ಡರ್ ತಮ್ಮನ ಕೇಸು ನನ್ನ ಹತ್ತಿರ ಇತ್ತು. ಕಣ್ಣಿನ ಚಿಕಿತ್ಸೆಗೆ ಹೋದದ್ದು 18 ಸಲ, ಪಟ್ಟಿಯಲ್ಲಿ 22 ಬರೆದಿದ್ದ. ಅವನೇನೂ ಮೋಸ ಮಾಡಿರಲಿಲ್ಲ. ನಾಲ್ಕು ಸಲ ಹನಿ ಔಷಧ ತರಲು ಮಾತ್ರ ಪೇಟೆಗೆ ಹೋಗಿದ್ದನ್ನೂ ಸೇರಿಸಿದ್ದ. ಎದುರು ವಕೀಲರು ಆ ನಾಲ್ಕನ್ನು ಹಿಡಿದು ಎಳೆದರು. “ನಾಲ್ಕು ಸುಳ್ಳಾದರೆ ಉಳಿದದ್ದೂ ಸುಳ್ಳು” ಅಂದರು. ಆ ಹುಡುಗ ಸಾಕ್ಷಿ ಕಟ್ಟೆಯಲ್ಲಿ ತಡವರಿಸಿದ. ಕೊನೆಗೆ ಓಡಾಟದ ಇಡೀ ಪಟ್ಟಿಯೇ ಬಿದ್ದುಹೋಯಿತು. ಔಷಧ ತರಲು ಹೋದದ್ದು ಅಂತ ಆ ನಾಲ್ಕು ಸಾಲಿನ ಮುಂದೆ ಬರೆದು, ಔಷಧದ ಬಿಲ್ಲು ಜೋಡಿಸಿದ್ದರೆ ಅಷ್ಟಾಗುತ್ತಿರಲಿಲ್ಲ. ಅವತ್ತಿನಿಂದ ನಾನು ಯಾರ ಪಟ್ಟಿ ಬಂದರೂ ಆಸ್ಪತ್ರೆ ಕಾಗದ ಪಕ್ಕದಲ್ಲಿಟ್ಟು ಬೆರಳಿಟ್ಟು ಎಣಿಸುತ್ತೇನೆ.

ಟ್ಯಾಕ್ಸಿ ರಸೀದಿ. ಗೋವಾದಲ್ಲಿ ಈ ಕಷ್ಟ ಎಲ್ಲರದ್ದೂ. ಮೀಟರ್ ಹಾಕುವವರು ಸಿಗುವುದಿಲ್ಲ, ಮಾತಾಡಿ ಹೋಗಬೇಕು, ಪೈಲಟ್ ಬೈಕಿನವರಂತೂ (ಬಾಡಿಗೆಗೆ ಬೈಕಿನಲ್ಲಿ ಕೂರಿಸಿಕೊಂಡು ಹೋಗುವವರು) ಚೀಟಿ ಕೊಡುವುದೇ ಇಲ್ಲ. ಹಾಗಂತ ಸಾಕ್ಷಿ ಇಲ್ಲ ಅಂದುಕೊಳ್ಳಬೇಡಿ. ಫೋನ್‌ನಲ್ಲಿ ಯುಪಿಐ ಮಾಡಿದ್ದರೆ ಆ ದಿನದ ಎಂಟ್ರಿ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಇದೆ. ಸ್ಕ್ರೀನ್‌ಶಾಟ್ ಸಾಲದು, ಬ್ಯಾಂಕಿನಿಂದ ಮುದ್ರೆ ಹಾಕಿಸಿಕೊಂಡ ಸ್ಟೇಟ್‌ಮೆಂಟ್ ತೆಗೆದುಕೊಳ್ಳಿ. ಒಂದೇ ಟ್ಯಾಕ್ಸಿಯವರನ್ನು ನಾಲ್ಕೈದು ಸಲ ಕರೆದಿದ್ದರೆ, ಅವರ ಹತ್ತಿರ ಒಂದು ಕಾಗದದಲ್ಲಿ ಗಾಡಿ ನಂಬರು, ತಾರೀಕುಗಳು, ಪ್ರತಿ ಸಲದ ಬಾಡಿಗೆ ಬರೆಸಿ ಸಹಿ ಹಾಕಿಸಿಕೊಳ್ಳಿ. ನೆರೆಹೊರೆಯವರೇ ಆಗಿದ್ದರೆ ಬೇಡ ಅನ್ನುವುದಿಲ್ಲ. ನಿಜವಾಗಿ ಕೊಟ್ಟಷ್ಟೇ ಬರೆಸಿ, ಖಾಲಿ ಬಿಲ್ ಪುಸ್ತಕ ತಂದು ತುಂಬಿಸುವ ಕೆಲಸ ಮಾತ್ರ ಮಾಡಬೇಡಿ. ಮುಂದಿನ ಸಲದಿಂದ ಟ್ಯಾಕ್ಸಿ ಬೇಕೇ ಆದರೆ ಗೋವಾ ಮೈಲ್ಸ್ ಆ್ಯಪಿನಲ್ಲಿ ಮಾಡಿ, ಬಿಲ್ಲು ಫೋನ್‌ಗೇ ಬರುತ್ತದೆ.

ಬಸ್ ಟಿಕೆಟ್ ಉಳಿದಿದ್ದರೆ ಇವತ್ತೇ ಫೋಟೋ ತೆಗೆದು, ಝೆರಾಕ್ಸ್ ಮಾಡಿಸಿ. ಕಂಡಕ್ಟರ್ ಮಷಿನ್‌ನ ಆ ತೆಳು ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಗೋವಾದ ಮಳೆಗಾಲದ ತೇವದಲ್ಲಿ ಇನ್ನೂ ಬೇಗ. ಕೇಸು ವಿಚಾರಣೆಗೆ ಬರುವ ಹೊತ್ತಿಗೆ ಬಿಳಿ ಚೀಟಿ ಹಿಡಿದು ನಿಲ್ಲಬೇಕಾಗುತ್ತದೆ. ಟಿಕೆಟ್ ಇಲ್ಲದ ದಿನಗಳಿಗೆ ಚಿಂತೆ ಬೇಡ. ಬಸ್ ದರ ಎಲ್ಲರಿಗೂ ಗೊತ್ತಿರುವಂಥದ್ದು, ಓಪಿಡಿ ತಾರೀಕು ಇದ್ದರೆ ಬಸ್ಸಿನ ಲೆಕ್ಕವನ್ನು ಸುಮ್ನೆ ಯಾರೂ ತಳ್ಳಿಹಾಕುವುದಿಲ್ಲ.

ಟ್ಯಾಕ್ಸಿ ಯಾಕೆ, ಬಸ್ಸು ಯಾಕೆ ಅಲ್ಲ ಅಂತ ಖಂಡಿತ ಕೇಳುತ್ತಾರೆ. ಇದಕ್ಕೆ ನಿಮ್ಮ ಉತ್ತರಕ್ಕಿಂತ ಡಾಕ್ಟರ ಉತ್ತರ ಗಟ್ಟಿ. ಮೊದಲ 9 ಸಲ ಕೈಗೆ ಹೊಲಿಗೆ, ತಂತಿ ಇತ್ತು, ಮಳೆಗಾಲ, ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲಲು ಆಗುತ್ತಿರಲಿಲ್ಲ ಅಂತ ನೀವು ಪತ್ರದ ಇನ್ನೊಂದು ಕಡೆ ಬರೆದಿದ್ದೀರಿ. ಅದನ್ನೇ ಡಾಕ್ಟರ ಮುಂದೆ ಹೇಳಿ. “ಈ ತಾರೀಕಿನಿಂದ ಈ ತಾರೀಕಿನವರೆಗೆ ಬಲಗೈ ಬಳಸುವ ಹಾಗಿರಲಿಲ್ಲ, ಜನಸಂದಣಿಯ ವಾಹನದಲ್ಲಿ ಓಡಾಡುವುದು ಸರಿಯಿರಲಿಲ್ಲ, ಜೊತೆಗೆ ಒಬ್ಬರು ಬೇಕಿತ್ತು” ಅಂತ ಎರಡು ಸಾಲು ಬರೆದುಕೊಡಲು ಕೇಳಿಕೊಳ್ಳಿ. ಈ ಎರಡು ಸಾಲು ನಿಮ್ಮ 10,800 ರೂಪಾಯಿಗೂ ನಿಮ್ಮ ಸ್ವಂತ ಬಸ್ ಚಾರ್ಜಿಗೂ ಬೇರು ಇದ್ದ ಹಾಗೆ.

ನಿಮ್ಮ ಚಾರ್ಜನ್ನು ಕೇಳಬಹುದು ಅಂತಲೇ ನನ್ನ ಅಭಿಪ್ರಾಯ, ಅವರೊಬ್ಬರೇ ಹೋಗಲು ಆಗದ ದಿನಗಳ ಮಟ್ಟಿಗೆ. ಕೊನೆಕೊನೆಗೆ ಅವರೊಬ್ಬರೇ ಹೋಗಬಹುದಿತ್ತು ಅನ್ನುವ ದಿನಗಳಿದ್ದರೆ ಆ ದಿನಗಳಲ್ಲಿ ನಿಮ್ಮ ಪಾಲು ತೆಗೆದುಬಿಡಿ. ಆದರೆ ನಿಮ್ಮ ಮನೆಕೆಲಸ ಹೋದದ್ದು, ಅದರ ಸಂಬಳ, ಅದನ್ನು ಈ ಕಾಯ್ದೆಯಲ್ಲಿ ಕೇಳಲು ದಾರಿ ಇಲ್ಲ ತಂಗಿ. ಪೆಟ್ಟಾದ ನೌಕರನ ನಷ್ಟವನ್ನು ಮಾತ್ರ ಅದು ನೋಡುತ್ತದೆ. ಗಂಡನ ಕೈ ಉಳಿಸಲು ಹೆಂಡತಿ ಬಿಟ್ಟ ಕೂಲಿಗೆ ಅಲ್ಲಿ ಜಾಗ ಇಲ್ಲ. ಇದು ಸರಿಯಲ್ಲ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ. ಆದರೂ ಇರುವುದನ್ನು ಇರುವ ಹಾಗೆ ಹೇಳಬೇಕು.

ಊರಿಗೆ ಹೋಗಿ ಬಂದ 2,600 ರೂಪಾಯಿ. ನೋಡಿಕೊಳ್ಳಲು ಅತ್ತೆ ಇದ್ದಾರೆ ಅಂತ ಊರಿಗೆ ಹೋದದ್ದು ಆರೈಕೆಗೆ, ಅದು ಚಿಕಿತ್ಸೆಯ ಪ್ರಯಾಣ ಅಲ್ಲ ಅಂತ ಅವರು ಅನ್ನುತ್ತಾರೆ, ಅನ್ನಲು ಕಾರಣವೂ ಇದೆ. ಆದರೆ ಅಲ್ಲಿಂದ ಬಾಂಬೋಳಿಯ ಮುಂದಿನ ತಪಾಸಣೆ ದಿನಕ್ಕೆ ಅಂತಲೇ ಹುಬ್ಬಳ್ಳಿ ಮೇಲೆ ಅನಮೋಡ ಘಾಟು ಇಳಿದು ಬಂದಿರಿ. ನಾನಾದರೆ ಆ ವಾಪಸು ಪ್ರಯಾಣವನ್ನು ಮಾತ್ರ, ತಪಾಸಣೆ ತಾರೀಕಿನ ಕಾಗದದ ಜೊತೆ ಇಡುತ್ತೇನೆ. ಹೋದದ್ದನ್ನು ಬಿಡುತ್ತೇನೆ. ಊರಲ್ಲಿ ಇದ್ದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡಿಸಿದ್ದರೆ ಆ ಓಡಾಟ ಖಂಡಿತ ಸೇರಿಸಿ. ಮೊದಲ ದಿನ 108ರಲ್ಲಿ ಹೋಗಿದ್ದರೆ ಅದು ಉಚಿತ, ಕೇಳಲು ಏನೂ ಇಲ್ಲ. ಆದರೆ ಪೆಟ್ಟಾದವರನ್ನು ಯಾವ ಹೊತ್ತಿಗೆ, ಎಲ್ಲಿಂದ ಎತ್ತಿಕೊಂಡು ಹೋದರು ಅನ್ನುವ ದಾಖಲೆ ಅವರ ಹತ್ತಿರ ಇರುತ್ತದೆ. ಅಪಘಾತ ಫ್ಯಾಕ್ಟರಿಯೊಳಗೆ ಆಗಲೇ ಇಲ್ಲ ಅಂತ ಯಾರಾದರೂ ತಿರುಗಿಬಿದ್ದರೆ ಅದು ಕೆಲಸಕ್ಕೆ ಬರುತ್ತದೆ.

ಈಗ ಆ 25 ಸಾವಿರದ ಸ್ಟ್ಯಾಂಪ್ ಪೇಪರ್. ಗಮನವಿಟ್ಟು ಓದಿ.

1923ರ ಕಾಯ್ದೆಯ ಪಟ್ಟಿಯಲ್ಲಿ ಒಂದೇ ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿ ಶೇಕಡಾ 20 ಹೋಯಿತು ಅಂತ ಲೆಕ್ಕ. ಸಂಬಳ ಅದಕ್ಕಿಂತ ಎಷ್ಟು ಜಾಸ್ತಿ ಇದ್ದರೂ ಪರಿಹಾರಕ್ಕೆ ತಿಂಗಳಿಗೆ 15,000 ಅಂತಲೇ ಹಿಡಿಯುತ್ತಾರೆ, 2020ರ ಜನವರಿಯಿಂದ ಈ ಮಿತಿ. ಅದರ ಶೇಕಡಾ 60 ಅಂದರೆ 9,000. 30 ವರ್ಷದವರಿಗೆ ವಯಸ್ಸಿನ ಗುಣಾಂಕ 207.98. ಗುಣಿಸಿದರೆ 18,71,820. ಅದರಲ್ಲಿ ಶೇಕಡಾ 20 ಅಂದರೆ 3,74,364 ರೂಪಾಯಿ. ಎರಡೂ ಬೆರಳು ಪೂರ್ತಿ ಹೋಗಿದ್ದರೆ ಇಷ್ಟು. ಬರೀ ತುದಿ ಹೋಗಿದ್ದರೆ ಕಡಿಮೆಯಾಗುತ್ತದೆ, ಡಾಕ್ಟರ ಸರ್ಟಿಫಿಕೇಟ್ ನೋಡಿ ಹೇಳಬೇಕು. ಇದು ಓಡಾಟ, ಔಷಧ ಬಿಟ್ಟು. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಹದಿನೈದು ದಿನಕ್ಕೊಮ್ಮೆ ಸಂಬಳದ ಶೇಕಡಾ 25, ಅಂದರೆ 15,000ದ ಲೆಕ್ಕದಲ್ಲಿ 3,750 ರೂಪಾಯಿ ಬರಬೇಕು. ಆದರೆ ಹಾಗೆ ಮೊದಲೇ ಪಡೆದ ಹಣವನ್ನು ಕೊನೆಯ ಮೊತ್ತದಲ್ಲಿ ಕಳೆಯುತ್ತಾರೆ.

25 ಸಾವಿರಕ್ಕೂ ಇದಕ್ಕೂ ಎಷ್ಟು ಅಂತರ, ನೀವೇ ನೋಡಿ. ಓಡಾಟದ 15 ಸಾವಿರ ಕಣ್ಣೆದುರಿಗೆ ಇದೆ, ಸಾಲ ಮಾಡಿದ್ದೀರಿ, ಅಂಗಡಿಯವನು ಕೇಳುತ್ತಿದ್ದಾನೆ, 25 ಸಾವಿರ ದೊಡ್ಡದಾಗಿ ಕಾಣುತ್ತದೆ. ಅದನ್ನು ತಿಳಿದುಕೊಂಡೇ ಅವರು ಹೀಗೆ ಮಾಡುವುದು. ಮೊದಲು ಬಸ್ ಚಾರ್ಜಿಗೂ ಸತಾಯಿಸುವುದು, ಜನ ಸಾಕಾದ ಮೇಲೆ ಒಂದು ಮೊತ್ತ ತೋರಿಸಿ ಎಲ್ಲದಕ್ಕೂ ಸಹಿ ಹಾಕಿಸಿಕೊಳ್ಳುವುದು. ನನ್ನ ಹತ್ತಿರ ಬರುವ ಹತ್ತು ಮನೆಗಳಲ್ಲಿ ಆರೇಳು ಮನೆಯ ಕಥೆ ಇದೇ.

ಸಮಾಧಾನದ ಮಾತೂ ಇದೆ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ 17ನೇ ಸೆಕ್ಷನ್ ಪ್ರಕಾರ ನಡೆಯುವುದಿಲ್ಲ, ಒಪ್ಪಂದ ಆದರೂ ಈ ಕೇಸುಗಳನ್ನು ಕೇಳುವ ಪರಿಹಾರ ಆಯುಕ್ತರ ಮುಂದೆ ನೋಂದಣಿ ಆಗಬೇಕು. ಯಾರಾದರೂ ಈಗಾಗಲೇ ಸಹಿ ಮಾಡಿದ್ದರೂ ಎದೆಗುಂದಬೇಡಿ. ಆದರೆ ಸಹಿ ಆದ ಮೇಲೆ ಜಗಳ ಉದ್ದವಾಗುತ್ತದೆ, ಆಗದೆ ಇದ್ದರೆ ಒಳ್ಳೆಯದು. ಇನ್ನೊಂದು ಹೆದರಿಕೆ ಹಾಕುತ್ತಾರೆ, “ಆಸ್ಪತ್ರೆಗೆ ಇಷ್ಟು ಕೊಟ್ಟಿದ್ದೇನೆ, ಪರಿಹಾರದಲ್ಲಿ ಮುರಿದುಕೊಳ್ತೀನಿ” ಅಂತ. ಮುರಿದುಕೊಳ್ಳುವ ಹಾಗಿಲ್ಲ. ಚಿಕಿತ್ಸೆಗೆ ಅಂತ ಕೊಟ್ಟ ಹಣ ಪರಿಹಾರ ಅಲ್ಲ ಅಂತ ಕಾಯ್ದೆಯಲ್ಲೇ ಇದೆ. ಆದರೆ ನಿಮ್ಮ ಓಡಾಟಕ್ಕೇ ಅಂತ ಮುಂಗಡ ಏನಾದರೂ ಕೊಟ್ಟಿದ್ದರೆ, ನೋಟ್‌ಬುಕ್ಕಿನಲ್ಲಿ ಅದನ್ನು ಮೊದಲ ಸಾಲಿನಲ್ಲೇ ಬರೆದು ಕಳೆಯಿರಿ. ಮುಚ್ಚಿಟ್ಟರೆ ನಿಮಗೇ ಪೆಟ್ಟು.

ಮುಂದೆ ಹೇಗೆ ಹೋಗಬೇಕು? ಮೊದಲು ಒಂದು ಪತ್ರ ಬರೆಯಿರಿ. ಕಾಂಟ್ರಾಕ್ಟರ್‌ಗೆ ಮಾತ್ರ ಅಲ್ಲ, ಫ್ಯಾಕ್ಟರಿ ಮಾಲೀಕರಿಗೂ. 12ನೇ ಸೆಕ್ಷನ್ ಪ್ರಕಾರ ಕಾಂಟ್ರಾಕ್ಟ್ ಕೆಲಸಗಾರನ ಪರಿಹಾರಕ್ಕೆ ಫ್ಯಾಕ್ಟರಿಯೂ ಹೊಣೆ, ಅವರು ಬೇಕಾದರೆ ಆಮೇಲೆ ಕಾಂಟ್ರಾಕ್ಟರ್‌ನಿಂದ ವಸೂಲಿ ಮಾಡಿಕೊಳ್ಳಲಿ. ಫ್ಯಾಕ್ಟರಿಗೆ ಪತ್ರ ಹೋದ ಮೇಲೆ ಕಾಂಟ್ರಾಕ್ಟರ್‌ನ ದನಿ ಬದಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪತ್ರದಲ್ಲಿ ಹೆಸರು, ವಿಳಾಸ, ಅಪಘಾತದ ದಿನ, ಹೊತ್ತು, ಮಷಿನ್, ಯಾವ ಗಾಯ, ಎಲ್ಲಿ ಚಿಕಿತ್ಸೆ, ಇಷ್ಟು ಬರೆದು, ಓಡಾಟದ ಪಟ್ಟಿಯ ಝೆರಾಕ್ಸ್ ಜೋಡಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಸಲು ಕಾಗದ ಯಾರ ಕೈಗೂ ಕೊಡಬೇಡಿ. “ಸಾಹೇಬರಿಗೆ ತೋರಿಸಿ ತರ್ತೀನಿ” ಅಂತ ತೆಗೆದುಕೊಂಡು ಹೋದ ಫೈಲು ವಾಪಸು ಬಾರದ ಮನೆಗಳು ನನಗೆ ಗೊತ್ತು.

ಅಚ್ಚುಕಟ್ಟಾದ ಪಟ್ಟಿ ನೋಡಿ ಕೆಲವರು ಓಡಾಟದ ಹಣ ಅಲ್ಲೇ ಕೊಟ್ಟುಬಿಡುತ್ತಾರೆ. ಕೊಟ್ಟರೆ ತೆಗೆದುಕೊಳ್ಳಿ. ರಸೀದಿಯಲ್ಲಿ “ಚಿಕಿತ್ಸೆಯ ಪ್ರಯಾಣ ಖರ್ಚು ಮಾತ್ರ, ಇಷ್ಟು ತಾರೀಕಿನವರೆಗೆ” ಅಂತಲೇ ಇರಬೇಕು. “ಎಲ್ಲಾ ಲೆಕ್ಕ ಚುಕ್ತಾ” ಅನ್ನುವ ಮಾತು ಇದ್ದರೆ ಸಹಿ ಬೇಡ.

ಕೊಡದಿದ್ದರೆ ಆಯುಕ್ತರ ಮುಂದೆ ಅರ್ಜಿ. ಗೋವಾದಲ್ಲಿ ಪಣಜಿಯ ಪಾಟೋದಲ್ಲಿರುವ ಶ್ರಮ ಶಕ್ತಿ ಭವನದ ಕಾರ್ಮಿಕ ಇಲಾಖೆಗೆ ಹೋಗಿ ವಿಚಾರಿಸಿ. ಅಪಘಾತವಾದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು, ನಿಮಗೆ 2027ರ ಜೂನ್‌ವರೆಗೆ. ಅಲ್ಲಿಯವರೆಗೆ ಕಾಯಬೇಡಿ. ಒಂದು ವೇಳೆ ನೀವು ಗೋವಾ ಬಿಟ್ಟು ಬಾದಾಮಿಗೇ ಹೋಗಿ ನೆಲೆಸಿದರೂ ದಾರಿ ಮುಚ್ಚುವುದಿಲ್ಲ. ಅರ್ಜಿದಾರರು ಸಾಮಾನ್ಯವಾಗಿ ವಾಸ ಮಾಡುವ ಜಾಗದ ಆಯುಕ್ತರ ಮುಂದೆಯೂ ಹಾಕಬಹುದು. ಕೇಸಿಗೆ ಅಂತ ಮತ್ತೆ ಘಾಟು ಹತ್ತಿ ಇಳಿಯುವ ಖರ್ಚು ಉಳಿಯುತ್ತದೆ. ಈ ವಿಷಯ ನಮ್ಮ ಕಡೆಯ ಜನರಿಗೆ ಯಾರೂ ಹೇಳುವುದೇ ಇಲ್ಲ, ಅದಕ್ಕೇ ಎಷ್ಟೋ ಮಂದಿ ಊರಿಗೆ ಹೋದ ಮೇಲೆ ಕೈಚೆಲ್ಲಿ ಕೂರುತ್ತಾರೆ. ಹಣ ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಶೇಕಡಾ 12 ಬಡ್ಡಿ ಇದೆ, ಸರಿಯಾದ ಕಾರಣ ಇಲ್ಲದೆ ತಡ ಮಾಡಿದ್ದರೆ ಶೇಕಡಾ 50ರವರೆಗೆ ದಂಡವೂ ಇದೆ. ಅರ್ಜಿಯಲ್ಲಿ ಎರಡನ್ನೂ ಕೇಳಿ. ಓಡಾಟದ ಹಣವನ್ನು ವೈದ್ಯಕೀಯ ಖರ್ಚಿನ ಕೆಳಗೆ, ಆದರೆ ಬೇರೆ ಪಟ್ಟಿಯಾಗಿ ಹಾಕಿಸಿ. ಆಯುಕ್ತರು ಅದನ್ನು ಒಪ್ಪದಿದ್ದರೂ ಔಷಧ, ಬೆರಳಿನ ಲೆಕ್ಕಕ್ಕೆ ಅದರ ಧಕ್ಕೆ ತಾಗಬಾರದು.

ವಕೀಲರಿಗೆ ದುಡ್ಡು ಎಲ್ಲಿಂದ ಅಂತ ಯೋಚಿಸುತ್ತಿದ್ದರೆ 15100ಕ್ಕೆ ಫೋನ್ ಮಾಡಿ. ಉಚಿತ ಕಾನೂನು ನೆರವು 1987ರ ಕಾಯ್ದೆಯಿಂದ ಬಂದ ಹಕ್ಕು, ಕೈಗಾರಿಕಾ ಕಾರ್ಮಿಕರೂ ಹೆಂಗಸರೂ ಅದರಲ್ಲಿ ಸೇರಿದ್ದಾರೆ. ಇಂಗ್ಲಿಷಿನಲ್ಲಿ ಬರೆದ ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಲಿ. ಸಹಿ ಅಂದಾಗ ನೆನಪಾಯಿತು, ಬಲಗೈ ಹೋದವರ ಸಹಿ ಬ್ಯಾಂಕಿನ ಸಹಿಗೆ ಕೂಡುವುದಿಲ್ಲ. ಪರಿಹಾರದ ಹಣ ಬಂದಾಗ ತೆಗೆಯಲು ಕಷ್ಟವಾಗುತ್ತದೆ. ಈಗಲೇ ಬ್ಯಾಂಕಿಗೆ ಕರೆದುಕೊಂಡು ಹೋಗಿ ಎಡಗೈ ಹೆಬ್ಬೆಟ್ಟನ್ನೋ ಹೊಸ ಸಹಿಯನ್ನೋ ದಾಖಲು ಮಾಡಿಸಿ.

ಮುಂದಿನ ಓಪಿಡಿ ಯಾವತ್ತು ಅಂತ ನೀವು ಬರೆದಿಲ್ಲ. ಅವತ್ತು ಹೋಗುವಾಗ ಹಳೆಯ ಕೇಸ್ ಪೇಪರು ಎಲ್ಲಾ ಜೊತೆಗಿರಲಿ, ಡಾಕ್ಟರ ಹತ್ತಿರ ಆ ಎರಡು ಸಾಲು ಬರೆಸಿಕೊಳ್ಳಿ, ಬರುವಾಗ ಬಸ್ ಟಿಕೆಟಿನ ಫೋಟೋ ತೆಗೆಯಿರಿ. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ 24ನೇ ಸಾಲು ಬರೆಯಿರಿ. ಪೇ ಸ್ಲಿಪ್ ಸಿಕ್ಕ ಕೂಡಲೇ ಓಟಿ ಎಷ್ಟು, ಮೂಲ ಸಂಬಳ ಎಷ್ಟು ಅಂತ ನನಗೆ ಬರೆದು ಕಳಿಸಿ, ಯಾವ ಕಚೇರಿಗೆ ಹೋಗಬೇಕು ಅಂತ ಅವತ್ತೇ ಹೇಳುತ್ತೇನೆ.